ಹುರಿಯದ ಒಂದು ಚೂರು

ಚೂಟಿಗೆ ಜ್ವರ ಕಾಣಿಸಿಕೊಂಡದ್ದು ಗುರುವಾರ ಮಧ್ಯಾಹ್ನ. ಶಾಲೆಯಿಂದ ಬಂದವಳು ಹಿತ್ತಿಲಿಗೂ ಹೋಗದೆ, ಅಡುಗೆಮನೆಗೂ ಇಣುಕದೆ ಅಜ್ಜನ ಮಂಚದ ಮೇಲೆ ಮುದುಡಿ ಮಲಗಿದಳು. ಎಂಟು ವರ್ಷದ ಆ ಹುಡುಗಿ ಹಗಲು ಹೊತ್ತು ಮಲಗಿದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಸಂಜೆಗೆ ಹೊಟ್ಟೆನೋವು ಶುರುವಾಯಿತು. ಮರುದಿನ ಬೆಳಿಗ್ಗೆ ಐದನೆಯ ಸಲ ಬಚ್ಚಲಿಗೆ ಹೋಗಿ ಬಂದಾಗ ಭೇದಿಯಲ್ಲಿ ರಕ್ತ ಕಂಡು ಅವಳ ತಾಯಿ ಗಂಡನನ್ನು ಕೂಗಿದಳು. ಅಪ್ಪ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ.

ಮನೆ ಬಂದರಿನ ಹಿಂದಿನ ಓಣಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಮನೆಗಿಂತ ದೊಡ್ಡದಾದ ಹಿತ್ತಿಲು. ಹಿತ್ತಿಲು ಅತ್ತೆಯ, ಅಂದರೆ ಚೂಟಿಯ ಅಜ್ಜಿಯ, ರಾಜ್ಯ. ನಲವತ್ತು ವರ್ಷದಿಂದ ಅವಳು ಅಲ್ಲಿ ಮೀನು ಸೀಳಿ, ಉಪ್ಪು ಹಚ್ಚಿ, ಹಳೆಯ ಬಲೆಗಳನ್ನು ನೆಲಕ್ಕೆ ಹಾಸಿ ಅದರ ಮೇಲೆ ಒಣಗಿಸಿ ಮಾರುತ್ತಿದ್ದಳು. ಮಾವ ಬಲೆ ಹೆಣೆಯುವವನು. ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟು ಒಣಗುವ ಮೀನಿಗೆ ಬರುವ ಕಾಗೆಗಳನ್ನು ಓಡಿಸುವ ಕೆಲಸ ಹಿಡಿದಿದ್ದ. ಕಾಗೆ ಯಾವುದು, ಅದರ ನೆರಳು ಯಾವುದು ಎಂದು ಅವನಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲವಾದ್ದರಿಂದ ಎರಡನ್ನೂ ಓಡಿಸುತ್ತಿದ್ದ. ಮಗ, ಚೂಟಿಯ ಅಪ್ಪ, ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ದೋಣಿಗಳಿಗೆ ಐಸು ಹಾಕಿ ಬರುವಾಗ ತಾಯಿಗೆ ಬೇಕಾದ ಮೀನನ್ನು ಬುಟ್ಟಿಯಲ್ಲಿ ತರುತ್ತಿದ್ದ. ಸೊಸೆ ಬಂದರಿನ ಆಚೆ ಕೊನೆಯಲ್ಲಿದ್ದ ಮೀನು ಪರೀಕ್ಷೆಯ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವವಳು. ಹೀಗೆ ಮನೆಯ ಎಲ್ಲರ ಅನ್ನವೂ ಮೀನಿನಿಂದಲೇ ಹುಟ್ಟುತ್ತಿತ್ತು.

ಆಸ್ಪತ್ರೆಯಲ್ಲಿ ಚೂಟಿಗೆ ಡ್ರಿಪ್ ಹಾಕಿದರು. ಡಾಕ್ಟರು ವಯಸ್ಸಾದವರು, ನಿಧಾನದ ಮನುಷ್ಯ. ಕಳೆದ ಮೂರು ದಿನ ಮಗು ಏನೇನು ತಿಂದಿದೆ ಎಂದು ಕೇಳಿ ಪೆನ್ನು ಹಿಡಿದು ಕೂತರು. ಮಗ ಶಾಲೆಯ ಗೇಟಿನ ಬಳಿಯ ಐಸ್‌ಕ್ಯಾಂಡಿಯವನ ಮೇಲೆ ತಪ್ಪು ಹಾಕಿದ. ಸೊಸೆ ಬೇಳೆ, ಅನ್ನ, ಮೊಟ್ಟೆ, ಮಂಗಳವಾರ ಹುರಿದ ಮೀನು ಎಂದು ಒಂದೊಂದಾಗಿ ಹೇಳಿದಳು. ಹೇಳುತ್ತಾ ಹೇಳುತ್ತಾ ಮಂಗಳವಾರಕ್ಕೆ ಬಂದಾಗ ನಾಲಿಗೆ ತಡವರಿಸಿತು. ಅವತ್ತು ಲ್ಯಾಬಿನಿಂದ ಬರುವುದು ತಡವಾಗಿತ್ತು. ಹಸಿ ಮೀನು ಕೊಯ್ದ ಮಣೆಯನ್ನು ಬರೀ ನೀರಿನಲ್ಲಿ ಜಾಲಿಸಿ ಅದರ ಮೇಲೆಯೇ ಸೌತೆಕಾಯಿ ಹೆಚ್ಚಿದ್ದಳು. ಸೌತೆಕಾಯಿಯ ಹೆಸರು ಹೇಳಿದಳು, ಮಣೆಯ ವಿಷಯ ಹೇಳಲಿಲ್ಲ.

ಗೋಡೆಗೆ ಒರಗಿ ನಿಂತಿದ್ದ ಅತ್ತೆಯನ್ನು ಡಾಕ್ಟರು ಕೇಳಿದಾಗ ಅವಳು ಬೇರೇನೂ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಚೂಟಿ ಶಾಲೆಯಿಂದ ಬಂದ ಕೂಡಲೇ ಹಿತ್ತಿಲಿಗೆ ಓಡಿಬರುತ್ತಿದ್ದಳು. ಅಜ್ಜಿ ಚೀಲಕ್ಕೆ ಕೈಹಾಕಿ ಒಣಮೀನಿನ ಒಂದು ಚೂರು ಹರಿದು ಬಾಯಿಗಿಡುತ್ತಿದ್ದಳು. ಹುರಿದದ್ದಲ್ಲ, ಸುಟ್ಟದ್ದಲ್ಲ, ಹಾಗೇ. ತಾಯಿಗೆ ಗೊತ್ತಾದರೆ ಬೈಯುತ್ತಾಳೆಂದು ಇಬ್ಬರೂ ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದರು.

“ನೀನು ಬೇರೆ ಏನಾದ್ರೂ ತಿಂದ್ಯಾ ಪುಟ್ಟಾ?” ಎಂದು ಡಾಕ್ಟರು ಚೂಟಿಯನ್ನೇ ಕೇಳಿದರು. ಅವಳು ಅಜ್ಜಿಯ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು, ಇಲ್ಲ ಎಂದು ಕಣ್ಣು ಮುಚ್ಚಿದಳು.

ಮೂರು ದಿನದ ಮೇಲೆ ಮಲಪರೀಕ್ಷೆಯ ಫಲಿತಾಂಶ ಬಂತು. ಸಾಲ್ಮೊನೆಲ್ಲಾ ಎಂದು ಡಾಕ್ಟರು ಹೇಳಿದರು. ಮಾವ ಅದನ್ನು ಯಾರದೋ ಹೆಂಗಸಿನ ಹೆಸರೆಂದು ತಿಳಿದು ಅವಳು ಯಾವ ಓಣಿಯವಳು ಎಂದು ಕೇಳಿದ. ಸೊಸೆಗೆ ಮಾತ್ರ ಆ ಹೆಸರು ಹೊಸದಲ್ಲ. ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಗಾಜಿನ ತಟ್ಟೆಗಳ ಮುಚ್ಚಳದ ಮೇಲೆ ದಿನವೂ ಓದುತ್ತಿದ್ದ ಹೆಸರು ಅದು. ಕೆಂಪಗಿನ ಪದರದ ಮೇಲೆ ನಡುವೆ ಕಪ್ಪಾದ ಚುಕ್ಕೆಗಳು ಎದ್ದರೆ ಪರೀಕ್ಷೆ ಮಾಡುವ ಮೇಡಂ ಮುಖ ಗಂಟಿಕ್ಕುತ್ತಿದ್ದರು. ಆಮೇಲೆ ಆ ತಟ್ಟೆಗಳನ್ನು ದೊಡ್ಡ ಕುಕ್ಕರಿನಂಥ ಹಬೆಯಂತ್ರದಲ್ಲಿ ಬೇಯಿಸಿ ಸೊಸೆಯ ಕೈಗೆ ತೊಳೆಯಲು ಕೊಡುತ್ತಿದ್ದರು. ಇದು ಎಲ್ಲಿಂದ ಬರುತ್ತದೆ ಎಂದು ಮಗ ಕೇಳಿದ್ದಕ್ಕೆ ಡಾಕ್ಟರು ಹಸಿ ಮಾಂಸ, ಹಸಿ ಮೀನು, ಮೊಟ್ಟೆ, ನೀರು, ತೊಳೆಯದ ಕೈ ಎಂದು ಬೆರಳು ಮಡಚುತ್ತಾ ಹೋದರು. ಅವರ ಬೆರಳು ಮುಗಿದರೂ ಪಟ್ಟಿ ಮುಗಿಯಲಿಲ್ಲ.

ಐದನೆಯ ದಿನ ಚೂಟಿ ಮನೆಗೆ ಬಂದಳು. ಕೆನ್ನೆ ಒಳಗೆ ಹೋಗಿತ್ತು, ಅಂಗಿ ಹೆಗಲಿನಿಂದ ಜಾರುತ್ತಿತ್ತು. ಒಂದು ವಾರ ಗಂಜಿ, ಬೇಯಿಸಿದ ಬಾಳೆಕಾಯಿ, ಕುದಿಸಿ ಆರಿಸಿದ ನೀರು. ಸೊಸೆ ಮನೆಯಲ್ಲಿ ಒಣಮೀನಿನ ಅಡುಗೆ ಮಾಡುವುದನ್ನೇ ನಿಲ್ಲಿಸಿಬಿಟ್ಟಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಎರಡನೆಯ ದಿನ ಮಾವ ತಟ್ಟೆಯನ್ನು ಮುಖದ ಹತ್ತಿರ ತಂದು ಹುಡುಕಿ, ತನ್ನ ಕಣ್ಣು ಇನ್ನೂ ಕೆಟ್ಟಿತೋ ಅಥವಾ ತಟ್ಟೆಯಲ್ಲಿ ನಿಜವಾಗಿ ಏನೂ ಇಲ್ಲವೋ ಎಂದು ಕೇಳಿದ. ಮಗ ನಕ್ಕ. ಅತ್ತೆ ನಗಲಿಲ್ಲ.

“ನನ್ನ ಮೀನಿಗೆ ಈ ಮನೇಲೇ ಜಾಗ ಇಲ್ಲ ಅಂದ್ಮೇಲೆ ಬೀದೀಲಿ ಹೇಗೆ ಮಾರಲಿ? ಹೇಳೋದಿದ್ರೆ ಮುಖಕ್ಕೆ ಹೇಳು.”

ಸೊಸೆ ಹೇಳಿಯೇಬಿಟ್ಟಳು. ನೆಲದ ಮೇಲೆ ಒಣಗಿಸುವುದು, ಕಾಗೆ ಕೂರುವುದು, ಪಕ್ಕದ ಮನೆಯ ಕೋಳಿ ಓಡಾಡುವುದು, ಸಂಜೆ ಅದೇ ಬಲೆಯಲ್ಲೇ ಸುತ್ತಿಡುವುದು. ಇದೆಲ್ಲ ಅವಳ ಹೊಟ್ಟೆಯಲ್ಲಿ ವರ್ಷಗಳಿಂದ ಇದ್ದ ಮಾತು. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ, ಇದೇ ಮೀನು ತಿಂದು ನಿನ್ನ ಗಂಡ ಬೆಳೆದ, ಇದೇ ಮೀನು ಮಾರಿ ಅವನನ್ನು ಓದಿಸಿದೆ ಎಂದಳು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದಳು.

“ಆ ಹುಳಗಳನ್ನ ದಿನಾ ಕೈಯಲ್ಲಿ ಮುಟ್ಟೋಳು ನೀನು. ನಿನ್ನ ಸೆರಗಿಗೆ ಅಂಟ್ಕೊಂಡು ಬಂದಿಲ್ಲ ಅಂತ ಏನು ಗ್ಯಾರಂಟಿ?”

ಸಿಟ್ಟಿನಲ್ಲಿ ಆಡಿದ ಮಾತು ಅದು. ಆದರೆ ಸೊಸೆಗೆ ಆ ಮಾತು ಮುಳ್ಳಿನಂತೆ ಚುಚ್ಚಿ ಒಳಗೇ ಮುರಿದುಕೊಂಡಿತು. ಗ್ಲೌಸ್ ಹಾಕುತ್ತೇನೆ, ಎಲ್ಲ ಬೆಂದ ಮೇಲೆಯೇ ಮುಟ್ಟುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಕಳೆದ ತಿಂಗಳು ಒಂದು ಗ್ಲೌಸ್ ಬೆರಳ ತುದಿಯಲ್ಲಿ ಹರಿದದ್ದು ನೆನಪಾಯಿತು. ಈಗ ಅವಳ ಲೆಕ್ಕದಲ್ಲಿ ರೋಗ ಬಂದಿರಬಹುದಾದ ದಾರಿ ಮೂರಾದವು: ಅತ್ತೆಯ ಚೀಲ, ತನ್ನ ಮಣೆ, ತನ್ನ ಕೈ. ಮೂರರಲ್ಲಿ ಎರಡು ತನ್ನವೇ.

ಮರುದಿನ ಅತ್ತೆ ನಲ್ಲಿಯ ಬಳಿ ಇದ್ದಾಗ ಸೊಸೆ ಚೀಲಗಳ ಬಾಯಿ ಬಿಚ್ಚಿದಳು. ಮಾರಾಟಕ್ಕೆ ಸಿದ್ಧವಾಗಿ ಗೋಡೆಗೆ ಒರಗಿಸಿದ್ದ ಎರಡು ಚೀಲ. ಒಂದೊಂದರಿಂದ ಒಂದೊಂದು ಹಿಡಿ ತೆಗೆದು ಬೇರೆ ಬೇರೆ ಡಬ್ಬಿಗೆ ಹಾಕಿಕೊಂಡಳು. ಮಗ ತಂದ ಬುಟ್ಟಿಯಿಂದ ಒಂದು ಹಸಿ ಮೀನು, ಅದನ್ನು ತೊಳೆಯುವ ತೊಟ್ಟಿಯಿಂದ ಒಂದು ಬಾಟಲಿ ನೀರು, ಬಟ್ಟೆಯಲ್ಲಿ ಸುತ್ತಿದ ಮಣೆ, ಎಲ್ಲವನ್ನೂ ಲ್ಯಾಬಿಗೆ ಒಯ್ದಳು. ಲ್ಯಾಬಿನ ಮೇಡಂ ಮೊದಲು ಒಪ್ಪಲಿಲ್ಲ. ಇಲ್ಲಿ ಮನೆಯ ಜಗಳ ಪರೀಕ್ಷೆ ಮಾಡುವುದಿಲ್ಲ ಎಂದರು. ಚೂಟಿಯ ಮಾತು ಬಂದಾಗ ಕನ್ನಡಕ ತೆಗೆದು ಒರೆಸಿ ಡಬ್ಬಿಗಳಿಗೆ ನಂಬರು ಹಾಕಿದರು. ಐದು ದಿನ ಬೇಕು ಎಂದರು.

ಆ ಐದು ದಿನ ಸೊಸೆ ಅತ್ತೆಯ ಕಣ್ಣು ತಪ್ಪಿಸಿಕೊಂಡೇ ಓಡಾಡಿದಳು. ಅತ್ತೆಯೂ ಸೊಸೆಯ ಕಣ್ಣು ತಪ್ಪಿಸುತ್ತಿದ್ದಳು. ಮಣೆ ಎಲ್ಲಿ ಹೋಯಿತು ಎಂದು ಅತ್ತೆ ಕೇಳಲಿಲ್ಲ. ಚೂಟಿ ಯಾಕೆ ಶಾಲೆಯಿಂದ ನೇರ ಒಳಗೆ ಬರುತ್ತಿದ್ದಾಳೆ ಎಂದು ಸೊಸೆ ಕೇಳಲಿಲ್ಲ. ಮಗನಿಗೆ ಇವರಿಬ್ಬರ ಮೌನದ ತಲೆಬುಡ ತಿಳಿಯಲಿಲ್ಲ. ಜಗಳವಾಡಿದರೆ ಎದ್ದು ಹೊರಗೆ ಹೋಗಬಹುದು, ಸುಮ್ಮನಿರುವ ಹೆಂಗಸರ ನಡುವೆ ಊಟ ಮಾಡುವುದು ಹೇಗೆ ಎಂದು ಅಪ್ಪನ ಹತ್ತಿರ ದೂರಿಕೊಂಡ. ತನ್ನ ಹಾಗೆ ಕಿವಿಯನ್ನೂ ಸ್ವಲ್ಪ ಮಂದ ಮಾಡಿಕೋ ಎಂದು ಮಾವ ಸಲಹೆ ಕೊಟ್ಟ.

ಫಲಿತಾಂಶ ಬಂದ ದಿನ ಮೇಡಂ ಸೊಸೆಯನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ಅಲ್ಲಿ ಕೆಲಸಕ್ಕೆ ಸೇರಿ ಆರು ವರ್ಷವಾದರೂ ಆ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಮೊದಲ ಚೀಲದ ಒಣಮೀನಿನಲ್ಲಿ ಸಾಲ್ಮೊನೆಲ್ಲಾ ಇತ್ತು. ಎರಡನೆಯ ಚೀಲದಲ್ಲಿ ಇರಲಿಲ್ಲ. ಹಸಿ ಮೀನಿನಲ್ಲಿ ಇತ್ತು, ತೊಟ್ಟಿಯ ನೀರಿನಲ್ಲಿ ಇತ್ತು. ಮಣೆಯಲ್ಲಿ ಇರಲಿಲ್ಲ.

ಮಣೆ ಎಂದಾಗ ಸೊಸೆಯ ಎದೆಯ ಭಾರ ಇಳಿದಂತಾಯಿತು. ಆದರೆ ಒಂದು ಕ್ಷಣ ಮಾತ್ರ. ಚೂಟಿ ಆಸ್ಪತ್ರೆಗೆ ಸೇರಿದ ದಿನವೇ ತಾನು ಆ ಮಣೆಗೆ ಕುದಿಯುವ ನೀರು ಸುರಿದು ಉಜ್ಜಿದ್ದು ನೆನಪಾಯಿತು. ತಪ್ಪನ್ನು ತೊಳೆದು ಆಮೇಲೆ ಪರೀಕ್ಷೆಗೆ ತಂದಿದ್ದಳು.

“ಹಾಗಾದ್ರೆ ಮಗೂಗೆ ಬಂದಿದ್ದು ಯಾವುದರಿಂದ ಮೇಡಂ?”

“ಗೊತ್ತಿಲ್ಲ.”

“ನೀವೇ ಗೊತ್ತಿಲ್ಲ ಅಂದ್ರೆ?”

ಮೇಡಂ ತಾಳ್ಮೆಯಿಂದ ಹೇಳಿದರು. ಇದರಲ್ಲೇ ಸಾವಿರಾರು ಬಗೆ ಇವೆ, ಮಗುವಿನ ಹೊಟ್ಟೆಯಲ್ಲಿದ್ದದ್ದೂ ಚೀಲದಲ್ಲಿದ್ದದ್ದೂ ಒಂದೇ ಬಗೆಯೇ ಎಂದು ನೋಡುವ ಸೌಕರ್ಯ ಈ ಲ್ಯಾಬಿನಲ್ಲಿಲ್ಲ. ದೂರಕ್ಕೆ ಕಳಿಸಬೇಕು, ಒಂದು ಮನೆಯ ಒಂದು ಮಗುವಿಗಾಗಿ ಯಾರೂ ಮಾಡಿಕೊಡುವುದಿಲ್ಲ. ಎರಡನೆಯ ಚೀಲದಲ್ಲಿ ಇಲ್ಲ ಎಂದರೆ, ತಾವು ತೂಗಿ ತೆಗೆದುಕೊಂಡ ಇಪ್ಪತ್ತೈದು ಗ್ರಾಮಿನಲ್ಲಿ ಇರಲಿಲ್ಲ ಎಂದಷ್ಟೇ ಅರ್ಥ. ಉಳಿದ ಚೀಲದ ಬಗ್ಗೆ ಕಾಗದ ಏನನ್ನೂ ಹೇಳುವುದಿಲ್ಲ. ಹಸಿ ಮೀನಿಗೆ ಬಂದರಿನ ಒಳಗಿನ ನೀರಿನಿಂದ ಬಂದಿರಬಹುದು, ಒಣಮೀನಿಗೆ ಆ ತೊಟ್ಟಿಯಿಂದ ಬಂದಿರಬಹುದು, ಕಾಗೆಯಿಂದಲೂ ಬಂದಿರಬಹುದು. ಎಲ್ಲ ವಾಕ್ಯವೂ ಬಹುದು ಎಂದೇ ಮುಗಿಯುತ್ತಿತ್ತು. ಸೊಸೆ ತಲೆಯಾಡಿಸುತ್ತಾ ಕೇಳಿದಳು. ಏನಾದರೂ ಒಂದು ಗೊತ್ತಾಗಲಿ ಎಂದು ಬಂದವಳು, ಬಂದಾಗ ಗೊತ್ತಿದ್ದದ್ದನ್ನೂ ಕಳೆದುಕೊಂಡು ಎದ್ದಳು.

ಅವತ್ತು ಸಂಜೆ ಊಟಕ್ಕೆ ಕೂತಾಗ ಎಲ್ಲ ಹೇಳಿದಳು. ಮಣೆ ಮತ್ತು ಸೌತೆಕಾಯಿಯೊಂದನ್ನು ಬಿಟ್ಟು.

ಮೊದಲು ಸಿಡಿದದ್ದು ಮಗ. ಚೀಲದಲ್ಲಿ ಇತ್ತಂತೆ ಎನ್ನುವುದನ್ನೇ ಹಿಡಿದುಕೊಂಡು ತಾಯಿಯ ಕಡೆ ತಿರುಗಿದ. ಬಂದರಿನ ನೀರಿನಲ್ಲೇ ಬುಟ್ಟಿ ಮುಳುಗಿಸಿ ತೊಳೆದು ತರುವವರು ಯಾರು, ಫ್ಯಾಕ್ಟರಿಯ ನೆಲಕ್ಕೆ ಬಿದ್ದ ಐಸಿನ ಚೂರು ಬಾಚಿ ಮೀನಿನ ಮೇಲೆ ಹಾಕುವವರು ಯಾರು ಎಂದು ಹೆಂಡತಿ ಕೇಳಿದಾಗ ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಎಲ್ಲರೂ ಹಾಗೇ ತರುತ್ತಾರೆ ಎಂದ. ಎಲ್ಲರೂ ಹಾಗೇ ಒಣಗಿಸುತ್ತಾರೆ ಎಂದು ಅತ್ತೆ ಹೇಳಿದಳು. ಆಮೇಲೆ ಅವಳು ಸೊಸೆಯ ಕಡೆ ನೋಡಿದಳು.

“ಕೇಳಿದ್ರೆ ಕೊಡ್ತಿರಲಿಲ್ವಾ ನಾನು? ನಾನು ನೀರಿಗೆ ಹೋದ ಹೊತ್ತು ನೋಡಿ ಚೀಲ ಬಿಚ್ಚಿದ್ಯಲ್ಲ. ನನ್ನ ಮನೇಲಿ ನನ್ನ ಚೀಲ.”

ಕೊಡುತ್ತಿರಲಿಲ್ಲ ಎಂದು ಸೊಸೆಗೆ ಗೊತ್ತಿತ್ತು; ಆದರೂ ಕೇಳಬೇಕಿತ್ತು ಎಂದೂ ಗೊತ್ತಿತ್ತು.

ಮೂರನೆಯ ದಿನ ಅತ್ತೆ ಒಗೆದ ಸೀರೆ ಉಟ್ಟು, ಯಾರಿಗೂ ಹೇಳದೆ ಬಂದರು ದಾಟಿ ಲ್ಯಾಬಿಗೆ ಹೋದಳು. ಸೊಸೆ ಮೊಣಕೈವರೆಗೆ ನೊರೆಯಲ್ಲಿ ನಿಂತಿದ್ದವಳು ಬಾಗಿಲಲ್ಲಿ ಅತ್ತೆಯನ್ನು ಕಂಡು ಚೂಟಿಗೆ ಮತ್ತೆ ಏನೋ ಆಯಿತೆಂದು ಹೆದರಿದಳು. ಅತ್ತೆ ಅವಳನ್ನು ದಾಟಿ ಮೇಡಂ ಮುಂದೆ ಹೋಗಿ ನಿಂತಳು. ತನ್ನ ಮೀನಿನಲ್ಲಿ ಸಿಕ್ಕದ್ದನ್ನು ಕಣ್ಣಿನಿಂದ ನೋಡಬೇಕು ಎಂದಳು.

ಮೇಡಂ ಒಂದು ತಟ್ಟೆ ತಂದು ಮುಚ್ಚಳ ತೆಗೆಯದೆಯೇ ಬೆಳಕಿಗೆ ಹಿಡಿದರು. ಕೆಂಪು ಪದರ, ಅದರ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು. ಅತ್ತೆ ಬಗ್ಗಿ ಬಹಳ ಹೊತ್ತು ನೋಡಿದಳು.

“ಇವಕ್ಕೆ ಜೀವ ಇದೆಯಾ?”

“ಇದೆ.”

“ಅಷ್ಟು ಉಪ್ಪು ಹಾಕ್ತೀನಲ್ಲಮ್ಮ. ಉಪ್ಪಲ್ಲೂ ಸಾಯಲ್ವಾ?”

“ಉಪ್ಪಲ್ಲಿ ಬೆಳೆಯೋಕಾಗಲ್ಲ. ಬಿಸಿಲಿಗೆ ಒಣಗಿದ್ರೂ ಕೆಲವು ಹಾಗೇ ಉಳ್ಕೊಂಡಿರ್ತವೆ. ಚೆನ್ನಾಗಿ ಬೇಯಿಸಿದ್ರೆ ಸಾಯ್ತವೆ. ಬೇಯಿಸದೆ ತಿಂದ್ರೆ ಹೊಟ್ಟೇಲಿ ಮತ್ತೆ ಶುರುವಾಗ್ತವೆ.”

ಅತ್ತೆ ನೆಟ್ಟಗಾದಳು. ಸೊಸೆ ಅವಳನ್ನು ಗಾಜು ತೊಳೆಯುವ ಕೋಣೆಗೆ ಕರೆತಂದು ಸ್ಟೂಲ್ ಕೊಟ್ಟಳು. ಕುಡಿಯಲು ನೀರು ಕೊಟ್ಟಳು. ಲೋಟ ಕೈಯಲ್ಲಿ ಹಿಡಿದು ಅತ್ತೆ ಹೇಳಿದಳು:

“ನಾನೇ ಕೊಟ್ಟಿದ್ದು ಕಣೇ. ದಿನಾ ಒಂದು ಚೂರು. ಹುರೀದೆ. ಅವಳು ಬಾಯಿ ತೆಗೆದು ನಿಂತ್ಕೋತಿದ್ಲು, ನಾನು ಇಡ್ತಿದ್ದೆ.”

ಆಗ ಸೊಸೆ ತನ್ನ ಮಣೆಯ ವಿಷಯ ಹೇಳಿಬಿಡಬಹುದಿತ್ತು. ಹೇಳಬೇಕೆಂದು ಬಾಯಿಯವರೆಗೆ ಬಂತು. ಆದರೂ ಅವಳು ಹೇಳಲಿಲ್ಲ. ಕೊನೆಗೂ ಒಂದು ಉತ್ತರ ಸಿಕ್ಕಿದೆ, ಅದು ತನ್ನ ಕಡೆ ಬೆರಳು ಮಾಡುತ್ತಿಲ್ಲ; ಒಂದು ದಿನವಾದರೂ ಹಾಗೇ ಇರಲಿ ಎನಿಸಿತು. ಅತ್ತೆಯ ಕೈಯಿಂದ ಲೋಟ ತೆಗೆದುಕೊಂಡು, ಮನೆಗೆ ಹೋಗಿ ಮಲಗಿ ಎಂದಷ್ಟೇ ಹೇಳಿದಳು.

ಆ ಒಂದು ದಿನ ಒಂದು ವಾರವಾಯಿತು. ಅತ್ತೆ ಮಗನಿಗೂ ತಾನೇ ಹೇಳಿಕೊಂಡಳು. ಮಗ ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ಚೂಟಿಯನ್ನು ಕರೆದು, ಇನ್ನು ಮೇಲೆ ಅಮ್ಮ ಕೊಟ್ಟದ್ದನ್ನು ಮಾತ್ರ ತಿನ್ನಬೇಕು, ಬೇರೆ ಯಾರು ಕೊಟ್ಟರೂ ಮುಟ್ಟಬಾರದು ಎಂದು ತಾಯಿಯ ಎದುರಿಗೇ ಹೇಳಿದ. ಆ ಮಾತಿನಿಂದ ಅತ್ತೆ ಮನೆಯಲ್ಲಿ ‘ಬೇರೆ ಯಾರೋ’ ಆಗಿಬಿಟ್ಟಳು. ಹೊಸ ಮೀನು ತರಬೇಡ ಎಂದಳು. ಬಲೆಗಳನ್ನು ಮಡಚಿದಳು. ಹಿತ್ತಿಲು ಬೋಳಾಯಿತು. ಓಡಿಸಲು ಕಾಗೆ ಇಲ್ಲದೆ ಮಾವ ಒಳಗೂ ಹೊರಗೂ ಓಡಾಡಿ ಬಾಗಿಲಿಗೆ ಹಣೆ ಬಡಿಸಿಕೊಂಡ. ಮೊದಲೆಲ್ಲ ಅಡುಗೆಮನೆಯಲ್ಲಿ ಉಪ್ಪು ಜಾಸ್ತಿ, ಖಾರ ಕಡಿಮೆ ಎಂದು ಏನಾದರೊಂದು ಹೇಳುತ್ತಿದ್ದ ಅತ್ತೆ, ಈಗ ಒಲೆಯ ಬಳಿ ಬರುವ ಮೊದಲು ಹೊಸಿಲಲ್ಲಿ ನಿಂತು, ಬರಬಹುದಾ ಎಂಬಂತೆ ನೋಡುತ್ತಿದ್ದಳು. ಆ ನೋಟವನ್ನು ಸೊಸೆಗೆ ತಡೆಯಲಾಗಲಿಲ್ಲ.

ಭಾನುವಾರ ಮಧ್ಯಾಹ್ನ ಐವರೂ ಊಟಕ್ಕೆ ಕೂತಿದ್ದರು. ಬೇಳೆ, ಅನ್ನ, ಚೆನ್ನಾಗಿ ಕರಿದ ಮೊಟ್ಟೆ. ಸೊಸೆ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

“ಆ ಮಂಗಳವಾರ ನಾನು ಹಸಿ ಮೀನು ಕೊಯ್ದ ಮಣೆ ಮೇಲೇ ಸೌತೆಕಾಯಿ ಹೆಚ್ಚಿದ್ದೆ. ಸೋಪು ಹಾಕಿರಲಿಲ್ಲ. ಅವತ್ತಿಂದ ಗೊತ್ತು ನನಗೆ.”

ಮಗ ಹೆಂಡತಿಯನ್ನು ನೋಡಿದ, ತಾಯಿಯನ್ನು ನೋಡಿದ, ತನ್ನ ಸಿಟ್ಟನ್ನು ಯಾರ ಮುಂದೆ ಇಡಬೇಕೆಂದು ತಿಳಿಯದೆ ಅನ್ನ ಕಲಸಿದ. ಮಾವ ತಾನೂ ಆ ಸೌತೆಕಾಯಿ ತಿಂದಿದ್ದೆ, ಎರಡು ಸಲ ಹಾಕಿಸಿಕೊಂಡೆ, ತನಗೇನೂ ಆಗಲಿಲ್ಲ ಎಂದ. ನಿಮ್ಮ ಹೊಟ್ಟೆಗೆ ಮೊಳೆ ಹಾಕಿದರೂ ಕರಗುತ್ತದೆ ಎಂದು ಅತ್ತೆ ಹೇಳಿದಳು. ಆ ವಾರದಲ್ಲಿ ಅವಳು ಆಡಿದ ಮೊದಲ ಉದ್ದನೆಯ ಮಾತು ಅದು.

“ಚೂಟಿ, ನೀನು ಅವತ್ತು ಸೌತೆಕಾಯಿ ತಿಂದ್ಯಾ?” ಸೊಸೆ ಕೇಳಿದಳು.

“ತಿಂದೆ” ಎಂದಳು ಚೂಟಿ. ಅಮ್ಮನ ಮುಖ ನೋಡಿ, “ಇಲ್ಲ, ಅಜ್ಜನ ತಟ್ಟೆಗೆ ಹಾಕ್ದೆ” ಎಂದಳು. ಈಗ ಅಜ್ಜಿಯ ಮುಖ ನೋಡಿದಳು. ಇಬ್ಬರೂ ಅವಳನ್ನೇ ನೋಡುತ್ತಿದ್ದರು. “ನೆನಪಿಲ್ಲ. ನನಗೆ ನಿಜವಾಗ್ಲೂ ನೆನಪಿಲ್ಲ.”

ಅತ್ತೆ ಎಡಗೈಯಿಂದ ಅವಳ ಬೆನ್ನು ಸವರಿ, ಬೇಡ ಬಿಡು, ಊಟ ಮಾಡು ಎಂದಳು. ಆಮೇಲೆ ಯಾರೂ ಅವಳನ್ನು ಆ ಪ್ರಶ್ನೆ ಕೇಳಲಿಲ್ಲ. ಅತ್ತೆ ಮತ್ತು ಸೊಸೆ ಪಾತ್ರೆ ತೊಳೆಯಲು ಒಟ್ಟಿಗೆ ಹೋದರು. ಒಂದು ವಾರ ನನ್ನನ್ನು ಸಾಯಿಸಿದೆಯಲ್ಲ ಎಂದು ಅತ್ತೆ ಹೇಳಿದ್ದು, ಸೊಸೆ ಅತ್ತದ್ದು ನಲ್ಲಿಯ ಸದ್ದಿನಲ್ಲಿ ಮಾವನಿಗೆ ಕೇಳಿಸಲಿಲ್ಲ. ಮಗನಿಗೆ ಕೇಳಿಸಿತು. ಅವನು ಏನೂ ಗೊತ್ತಿಲ್ಲದವನಂತೆ ಹಿತ್ತಿಲಿಗೆ ಹೋಗಿ, ಮೀನು ತೊಳೆಯುವ ತೊಟ್ಟಿಯನ್ನು ಬೋರಲು ಹಾಕಿ ಉಜ್ಜತೊಡಗಿದ.

ಉಳಿದದ್ದು ಆ ಎರಡು ಚೀಲ. ಮಗನ ವಾದ ಸುಲಭವಾಗಿತ್ತು: ಬೇಯಿಸಿದರೆ ಸಾಯುತ್ತದೆ ಎಂದು ಮೇಡಮ್ಮೇ ಹೇಳಿದ್ದಾರೆ, ಕೊಳ್ಳುವವರು ಬೇಯಿಸಿಯೇ ತಿನ್ನುತ್ತಾರೆ, ಮಾರಿದರೆ ತಪ್ಪೇನು. ಎರಡನೆಯದರಲ್ಲಿ ಅದೂ ಸಿಕ್ಕಿಲ್ಲವಲ್ಲ ಎಂದ. ಅತ್ತೆ ಅದಕ್ಕೂ ಹೂಂ ಎಂದಳು, ಇದಕ್ಕೂ ಹೂಂ ಎಂದಳು. ಮರುದಿನ ಬೆಳಿಗ್ಗೆ ನೋಡಿದರೆ ಹಿತ್ತಿಲ ಮೂಲೆಯಲ್ಲಿ ಗುಂಡಿ ತೋಡುತ್ತಿದ್ದಳು.

“ಯಾರು ಬೇಯಿಸ್ತಾರೆ ಯಾರು ಬೇಯಿಸಲ್ಲ ಅಂತ ನಾನು ಹೋಗಿ ನೋಡೋಕಾಗುತ್ತಾ? ನನ್ನ ಮೊಮ್ಮಗಳಿಗೆ ನಾನೇ ಬೇಯಿಸಿ ಕೊಡಲಿಲ್ಲ.”

ಎರಡೂ ಚೀಲ ಗುಂಡಿಗೆ ಹೋದವು. ಸೊಸೆ ಮೇಲೆ ಮಣ್ಣು ಎಳೆದಳು. ಒಂದು ತಿಂಗಳ ದುಡಿಮೆಯ ಮೇಲೆ ನಿಂತು ಕಾಲಿನಿಂದ ತುಳಿದು ಗಟ್ಟಿ ಮಾಡುವಾಗ ಅತ್ತೆ ಮುಖ ಆಚೆ ತಿರುಗಿಸಿಕೊಂಡಿದ್ದಳು. ಅಷ್ಟಕ್ಕೇ ಮುಗಿಯಿತೆಂದು ಸೊಸೆ ಅಂದುಕೊಂಡಿದ್ದಳು. ಆದರೆ ಅತ್ತೆ ಕೈ ತೊಳೆದುಕೊಂಡು, ಮೊದಲ ಚೀಲ ಕಟ್ಟುವ ಮೊದಲು ಅದೇ ರಾಶಿಯಿಂದ ಒಂಬತ್ತು ಮನೆಗೆ ಕೊಟ್ಟಿದ್ದೇನೆ, ಅವರಿಗೆ ಹೇಳಿ ಬರಬೇಕು, ನೀನು ಜೊತೆಗೆ ಬಾ ಎಂದಳು. ಆ ಹುಳದ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ ಎಂದೂ ಸೇರಿಸಿದಳು.

ಸೊಸೆ ಅರ್ಧ ದಿನ ರಜೆ ಹಾಕಿದಳು. ಇಬ್ಬರೂ ಓಣಿಯಿಂದ ಓಣಿಗೆ ನಡೆದರು. ಹೊಲಿಗೆಯಂಗಡಿಯವಳು ವಿಷಯ ಕೇಳಿ ಉಳಿದ ಮೀನನ್ನು ತಂದು ಅತ್ತೆಯ ಕೈಗೆ ಹಾಕಿ ಬಾಗಿಲು ಮುಚ್ಚಿಕೊಂಡಳು. ಇಪ್ಪತ್ತು ವರ್ಷದ ಗಿರಾಕಿ. ಲಾರಿ ಡ್ರೈವರ್ ನಕ್ಕುಬಿಟ್ಟ. ಹೇಳಿದ್ದು ಒಳ್ಳೆಯದಾಯಿತು ಎಂದು ಒಬ್ಬಳು ಟೀ ಕೊಟ್ಟಳು, ಆದರೆ ಇನ್ನು ಮುಂದೆ ತಂದುಕೊಡಿ ಎನ್ನಲಿಲ್ಲ. ಒಂದು ಮನೆಯಲ್ಲಿ ಕಳೆದ ವಾರ ಎಲ್ಲರಿಗೂ ಹೊಟ್ಟೆ ಕೆಟ್ಟಿತ್ತಂತೆ. ಮತ್ತೊಂದು ಮನೆಯಲ್ಲೂ ಕೆಟ್ಟಿತ್ತು, ಆದರೆ ಅವರು ಆ ಮೀನನ್ನು ಇನ್ನೂ ಬಿಚ್ಚಿಯೇ ಇರಲಿಲ್ಲ. ಅತ್ತೆ ರಸ್ತೆಯಲ್ಲಿ ನಿಂತು, ಇದನ್ನು ಹೇಗೆ ತಿಳಿದುಕೊಳ್ಳಬೇಕು ಎಂದು ಸೊಸೆಯನ್ನು ಕೇಳಿದಳು. ಸೊಸೆ ಮುಂದಿನ ಮನೆಯ ಕಡೆ ನಡೆದಳು.

ಕೊನೆಯದು ಮೆಟ್ಟಿಲು ಹತ್ತಿ ಹೋಗುವ ಮನೆ. ಬಾಗಿಲು ತೆರೆದ ಹೆಂಗಸು ಅತ್ತೆಯನ್ನು ಕಂಡು ಖುಷಿಯಾಗಿ, ಸರಿಯಾದ ಹೊತ್ತಿಗೆ ಬಂದಿರಿ, ಮೀನು ಮುಗಿಯುತ್ತಾ ಬಂದಿತ್ತು ಎಂದಳು. ಅತ್ತೆ ಬಂದ ಕಾರಣ ಹೇಳಿದಳು. ಅವಳಿಗೆ ನಂಬಲಾಗಲಿಲ್ಲ. ಒಳಗೆ ಮಂಚದ ಮೇಲೆ ಮಲಗಿದ್ದ ತನ್ನ ತಾಯಿಯನ್ನು ತೋರಿಸಿದಳು. ಹಾಸಿಗೆ ಹಿಡಿದು ಎರಡು ತಿಂಗಳಾಯಿತು, ಏನು ಕೊಟ್ಟರೂ ಉಗಿಯುತ್ತಾಳೆ, ಈ ಮೀನೊಂದನ್ನೇ ತಿನ್ನುವುದು, ಒಂದು ದಿನವೂ ಹೊಟ್ಟೆ ಕೆಟ್ಟಿಲ್ಲ ಎಂದಳು.

“ಹೇಗೆ ಕೊಡ್ತೀರಿ?” ಅತ್ತೆ ಕೇಳಿದಳು.

“ಹಾಗೇ. ಸಣ್ಣ ಚೂರು ಹರಿದು ಬಾಯಿಗಿಟ್ರೆ ಚೀಪ್ತಾ ಇರ್ತಾಳೆ.”

ಅತ್ತೆ ಸೊಸೆಯ ಕಡೆ ತಿರುಗಿದಳು. ಮೇಡಮ್ಮಿನ ಬಹುದುಗಳೆಲ್ಲ ಸೊಸೆಯ ತಲೆಯಲ್ಲಿ ಒಟ್ಟಿಗೆ ಎದ್ದು ಬಿದ್ದವು. ಎಳೆಯ ಮಗು ಬಿದ್ದು ಒದ್ದಾಡಿತು, ಈ ಒಣಗಿದ ಜೀವಕ್ಕೆ ಏನೂ ಆಗಿಲ್ಲ. ನಾಳೆ ಆಗುತ್ತದೋ ಇಲ್ಲವೋ ಯಾರು ಹೇಳಬೇಕು?

ಅತ್ತೆ ಯಾರ ಉತ್ತರಕ್ಕೂ ಕಾಯಲಿಲ್ಲ. ಉಳಿದ ಮೀನು ಎಲ್ಲಿದೆ ಎಂದು ಕೇಳಿ ತೆಗೆದುಕೊಂಡಳು. ಒಂದು ಪಾತ್ರೆ ಕೊಡಿ ಎಂದಳು. ಪರರ ಅಡುಗೆಮನೆಯಲ್ಲಿ, ಪರರ ಒಲೆಯ ಮೇಲೆ ನೀರಿಟ್ಟು, ಮೀನಿನ ಚೂರುಗಳನ್ನು ಹಾಕಿ, ನೀರು ಕೊತಕೊತ ಕುದಿಯುವವರೆಗೆ ಮಾತ್ರವಲ್ಲ, ಅದಾದ ಮೇಲೂ ಬಹಳ ಹೊತ್ತು ಕುದಿಸಿದಳು. ಮನೆಯ ಹೆಂಗಸು ಸಾಕು ಎಂದಾಗಲೂ ಒಲೆ ಆರಿಸಲಿಲ್ಲ. ಆಮೇಲೆ ನೀರು ಬಸಿದು, ಸೋಪು ಹಚ್ಚಿ ಕೈ ತೊಳೆದು, ಮೆತ್ತಗಾದ ಒಂದು ಚೂರನ್ನು ಊದಿ ಆರಿಸಿ ಮಂಚದ ಬಳಿ ಕೂತು ಮುದುಕಿಯ ಬಾಯಿಗಿಟ್ಟಳು.

ಮುದುಕಿ ಚೀಪಿದಳು. ಹುಬ್ಬು ಗಂಟಿಕ್ಕಿತು.

“ಇದು ಅದಲ್ಲ” ಎಂದಳು. “ರುಚಿಯೆಲ್ಲ ಹೋಗಿದೆ.”

“ಹೋದ್ರೆ ಹೋಗ್ಲಿ” ಎಂದಳು ಅತ್ತೆ. “ನೀವು ಇರ್ಬೇಕು.”

ಮುದುಕಿ ಅವಳ ಮುಖವನ್ನೇ ನೋಡುತ್ತಾ ಬಾಯಲ್ಲಿದ್ದದ್ದನ್ನು ಇತ್ತಿಂದತ್ತ ಹೊರಳಿಸಿದಳು. ಉಗಿಯುತ್ತಾಳೆಂದು ಮಗಳು ಬಟ್ಟೆ ಹಿಡಿದು ಬಂದಳು. ಮುದುಕಿ ಉಗಿಯಲಿಲ್ಲ. ನುಂಗಿ, ಸ್ವಲ್ಪ ಹೊತ್ತು ಯೋಚಿಸಿ, ಇನ್ನೊಂದು ಚೂರಿಗೆ ಬಾಯಿ ತೆರೆದಳು.